ಮಾವನವರ ಪಾರ್ಕಿನ್ಸನ್: ಶ್ರೀನಿವಾಸಪುರದಿಂದ ನಿಮ್ಹಾನ್ಸ್‌ವರೆಗೆ, ಅಲ್ಲಿಂದ ನಮ್ಮ ಅಡುಗೆಮನೆವರೆಗೆ

ಕಳೆದ ವಾರ ನಮ್ಮ ಮಾವನವರ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಬಂತು. ಅಲ್ಲಿಗೆ ಒಂದು ಸುತ್ತು ಮುಗಿಯಿತು. ಕಾಯಿಲೆ ಮುಗಿದಿಲ್ಲ, ಪಾರ್ಕಿನ್ಸನ್ ವಾಸಿಯಾಗಿ ಹೋಗುವ ಕಾಯಿಲೆ ಅಲ್ಲ. ಆದರೆ ಇದು ಏನು, ಎಲ್ಲಿಗೆ ಹೋಗಬೇಕು, ಮಾತ್ರೆ ಎಷ್ಟು ಹೊತ್ತಿಗೆ, ಊಟ ಎಷ್ಟು ಹೊತ್ತಿಗೆ ಎಂದು ತಿಳಿಯದೆ ಪರದಾಡಿದ ಕಾಲ ಮುಗಿಯಿತು. ನಮ್ಮ ಕೋಲಾರದ ಕಡೆ ಯಾರ ಮನೆಯಲ್ಲಾದರೂ ಇದು ಈಗ ಶುರುವಾಗಿದ್ದರೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಸೊಸೆ. ಮಾತ್ರೆ ಕೊಡುವವಳು, ಅಡುಗೆ ಮಾಡುವವಳು.

ನಮ್ಮದು ಶ್ರೀನಿವಾಸಪುರ ತಾಲೂಕಿನ ಹಳ್ಳಿ. ಮಾವಿನ ತೋಪು ಇದೆ, ನೀರಿದ್ದ ವರ್ಷ ಟೊಮೆಟೊ ಹಾಕುತ್ತೇವೆ. ಮಾವನವರಿಗೆ ಅರವತ್ತೆಂಟು.

ಪಾರ್ಕಿನ್ಸನ್ ಅಂದರೆ ಕೈ ನಡುಗುವುದು ಎಂದೇ ಎಲ್ಲರ ಲೆಕ್ಕ. ನಮ್ಮಲ್ಲಿ ಮೊದಲು ಕೆಟ್ಟಿದ್ದು ಸಹಿ. ಬ್ಯಾಂಕಿನಲ್ಲಿ ದುಡ್ಡು ತೆಗೆಯಲು ಹೋದರೆ, "ಸಹಿ ಹೊಂದ್ತಾ ಇಲ್ಲ ಯಜಮಾನ್ರೇ" ಎಂದು ಚೀಟಿ ವಾಪಸ್ ಕೊಟ್ಟರು. ಮೊದಲ ಅಕ್ಷರ ಸರಿಯಾಗಿ, ಹೋಗ್ತಾ ಹೋಗ್ತಾ ಸಾಸಿವೆ ಕಾಳಷ್ಟು. ಕನ್ನಡಕ ಬದಲಾಯಿಸಿದೆವು. ಆಮೇಲೆ ಬಲಭುಜ ಹಿಡಿದುಕೊಂಡಿತು. ಮೂಳೆ ಡಾಕ್ಟರು ಭುಜ ಬಿಗಿದುಕೊಂಡಿದೆ ಎಂದು ಫಿಸಿಯೋಥೆರಪಿ ಬರೆದರು. ನೋವು ಸ್ವಲ್ಪ ಕಡಿಮೆಯಾಯಿತು, ಆದರೆ ನಡೆಯುವಾಗ ಬಲಗೈ ಬೀಸುವುದೇ ನಿಂತಿತ್ತು. ಅದನ್ನು ಗಮನಿಸಿದ್ದು ನಾನಲ್ಲ, ನನ್ನ ಮಗಳು. "ತಾತ ಒಂದು ಕೈ ಜೇಬಲ್ಲಿ ಇಟ್ಕೊಂಡಂಗೆ ನಡೀತಾರೆ" ಅಂದಳು.

ನಡುಕ ಬಂದಿದ್ದು ಅದಾದ ಎಷ್ಟೋ ತಿಂಗಳ ಮೇಲೆ. ಅದೂ ಸುಮ್ನೆ ಕೂತಾಗ. ಟಿವಿ ನೋಡುತ್ತಾ ಕೈ ತೊಡೆ ಮೇಲಿದ್ದರೆ ಹೆಬ್ಬೆರಳು, ತೋರುಬೆರಳು ಬೀಡಿ ಸುತ್ತುವ ಹಾಗೆ ಆಡುತ್ತಿದ್ದವು. ಕಾಫಿ ಲೋಟ ಎತ್ತಿದರೆ ನಿಂತುಹೋಗುತ್ತಿತ್ತು. "ಲೋಟ ಹಿಡಿದಾಗ ನಡುಗಲ್ವಲ್ಲ, ಏನೂ ಇಲ್ಲ ಬಿಡಮ್ಮಾ" ಎಂದು ಅವರೇ ನಮಗೆ ಧೈರ್ಯ ಹೇಳುತ್ತಿದ್ದರು. ಆದರೆ ಪಾರ್ಕಿನ್ಸನ್‌ನಲ್ಲಿ ಕೈ ಸಾಮಾನ್ಯವಾಗಿ ನಡುಗುವುದು ಹಾಗೆಯೇ, ವಿಶ್ರಾಂತಿಯಲ್ಲಿದ್ದಾಗ.

ಈ ನಡುವೆ ಒಂದು ಮದುವೆ ಊಟದಲ್ಲಿ ಎಲೆ ಮೇಲಿನ ಸಾರು ಪಂಚೆ ಮೇಲೆ ಚೆಲ್ಲಿಕೊಂಡರು. ಎದ್ದು ಹೋಗುವಾಗ ಹೆಜ್ಜೆ ತಡವರಿಸಿತು. ಪಕ್ಕದ ಪಂಕ್ತಿಯಲ್ಲಿ ಯಾರೋ "ಬೆಳಿಗ್ಗೆಯೇ ಹಾಕ್ಕೊಂಡು ಬಂದವ್ರೆ" ಅಂದಿದ್ದು ಅವರ ಕಿವಿಗೆ ಬಿತ್ತು. ಜೀವನದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಅವತ್ತಿನಿಂದ ಮದುವೆ, ಜಾತ್ರೆ, ಊರ ಕಟ್ಟೆ ಎಲ್ಲ ಬಿಟ್ಟರು. ಕಾಯಿಲೆಗಿಂತ ಅದು ನಮಗೆ ಜಾಸ್ತಿ ಕಷ್ಟವಾಯಿತು.

ನಮಗೆ ದಾರಿ ತೋರಿಸಿದ್ದು ಪಕ್ಕದ ಮನೆಯವರು. ನಮ್ಮ ತಾಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು ಒಂದು ದೊಡ್ಡ ಅಧ್ಯಯನ ನಡೆಸುತ್ತಿದ್ದಾರೆ. 45 ವರ್ಷ ದಾಟಿದವರ ನೆನಪಿನ ಶಕ್ತಿ, ಬಿಪಿ, ಶುಗರ್, ಊಟ ತಿಂಡಿ ಎಲ್ಲ ನೋಡಿ, ಮತ್ತೆ ಮತ್ತೆ ಕರೆದು ಪರೀಕ್ಷೆ ಮಾಡುತ್ತಾರೆ. ಪಕ್ಕದ ಮನೆಯ ಅಕ್ಕ ಅದರಲ್ಲಿದ್ದಾರೆ. ಅವರು ಹೇಳಿದರು, "ಭುಜ ಅಲ್ಲ ಕಣಮ್ಮ, ನರದ ಡಾಕ್ಟರ್‌ಗೆ ತೋರಿಸು. ಕೋಲಾರದ ದೊಡ್ಡಾಸ್ಪತ್ರೆಯಲ್ಲೇ ಮೆದುಳಿನ ಕ್ಲಿನಿಕ್ ಇದೆ."

ಇದು ನಮ್ಮ ಜಿಲ್ಲೆಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರು ಮಾಡಿದಾಗ ಮೊದಲು ಆರಿಸಿಕೊಂಡ ಜಾಗಗಳೇ ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರ. ಪಾರ್ಶ್ವವಾಯು, ಮೂರ್ಛೆ, ತಲೆನೋವು, ಮರೆವಿನ ಕಾಯಿಲೆ ಇಂಥವಕ್ಕೆ ಜಿಲ್ಲೆಯಲ್ಲೇ ಚಿಕಿತ್ಸೆ ಸಿಗಲಿ ಎಂದು. ಬೆಂಗಳೂರಿಗೆ ಓಡುವ ಮೊದಲು ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಯಲ್ಲಿ ಒಮ್ಮೆ ಕೇಳಿ. ಅಲ್ಲಿಂದ ರೆಫರಲ್ ಚೀಟಿ ಇದ್ದರೆ ಮುಂದೆಯೂ ಅನುಕೂಲ. ನಮಗೆ ಅಲ್ಲಿ ನೋಡಿ, ನಿಮ್ಹಾನ್ಸ್‌ನಲ್ಲಿ ಒಮ್ಮೆ ಖಚಿತ ಮಾಡಿಸಿಕೊಳ್ಳಿ ಎಂದು ಬರೆದುಕೊಟ್ಟರು.

ನಿಮ್ಹಾನ್ಸ್‌ಗೆ ಹೋಗುವವರಿಗೆ ಎರಡು ಮಾತು. ಇಡೀ ದಿನ ಅದಕ್ಕೇ ಎತ್ತಿಟ್ಟು ಹೋಗಿ. ನಾವು ಮೊದಲ ಬಸ್ಸು ಹಿಡಿದೆವು. ಅತ್ತೆಗೂ ನನಗೂ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ, ಮಾವನವರಿಗೆ ಹಿರಿಯ ನಾಗರಿಕರ 25% ರಿಯಾಯಿತಿ. ಆಧಾರ್, ರೇಷನ್ ಕಾರ್ಡ್, ರೆಫರಲ್ ಚೀಟಿ, ಹಳೆಯ ರಿಪೋರ್ಟುಗಳು, ಎಲ್ಲದರ ಜೆರಾಕ್ಸ್. ಬಿಪಿಎಲ್ ಕಾರ್ಡ್ ಇದ್ದರೆ ಒರಿಜಿನಲ್ ಮರೆಯಬೇಡಿ, ಪರೀಕ್ಷೆಗಳಲ್ಲಿ ರಿಯಾಯಿತಿ ಅದರ ಮೇಲೆ ನಿಂತಿದೆ. ಬುತ್ತಿ ಕಟ್ಟಿಕೊಂಡು ಹೋಗಿ. ಎಲ್ಲಕ್ಕಿಂತ ಮುಖ್ಯ, ರೋಗಿ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ. ಸಾಧ್ಯವಾದರೆ ಸ್ಟ್ರಿಪ್ಪುಗಳನ್ನೇ ಕವರಿಗೆ ಹಾಕಿಕೊಂಡು ಹೋಗಿ. ನಮ್ಮ ಕಥೆ ತಿರುಗಿದ್ದೇ ಆ ಕವರಿನಿಂದ.

ಒಳಗೆ ಕರೆದಾಗ ಡಾಕ್ಟರು ಮೆಷಿನ್ ಏನೂ ಬಳಸಲಿಲ್ಲ. ಬೆರಳು ತಟ್ಟಿಸಿದರು, ಸುರುಳಿ ಬರೆಸಿದರು, ಕಾರಿಡಾರಿನಲ್ಲಿ ನಡೆಸಿದರು, ಹಿಂದೆ ನಿಂತು ಭುಜ ಹಿಡಿದು ಎಳೆದು ಬೀಳುತ್ತಾರಾ ನೋಡಿದರು. ಆಮೇಲೆ ಕೇಳಿದ ಪ್ರಶ್ನೆಗಳೇ ವಿಚಿತ್ರ. "ರಾತ್ರಿ ನಿದ್ದೆಯಲ್ಲಿ ಕೂಗ್ತಾರಾ, ಒದೀತಾರಾ? ವಾಸನೆ ಗೊತ್ತಾಗುತ್ತಾ? ಹೊಟ್ಟೆ ಸರಿಯಾಗಿ ಹೋಗುತ್ತಾ?" ಅತ್ತೆ ನಕ್ಕುಬಿಟ್ಟರು. ಎಷ್ಟೋ ವರ್ಷದಿಂದ ಅವರು ಬೇರೆ ಹಾಸಿಗೆ ಹಾಕಿಕೊಳ್ಳುತ್ತಿದ್ದರು. "ಕನಸಲ್ಲಿ ತೋಪಿನ ಕೋತಿ ಓಡಿಸ್ತಾರೆ ಸಾರ್, ಒದೆ ಬೀಳೋದು ನನಗೆ." ವಾಸನೆಯ ವಿಷಯಕ್ಕೆ ನನಗೂ ನೆನಪಾಯಿತು. ತೋಪಿನ ತುಂಬ ಹೂವು ಬಿಟ್ಟಿದ್ದಾಗ ಮಾವನವರು "ಈ ಸಲ ಹೂವಿಗೆ ವಾಸನೆಯೇ ಇಲ್ಲ" ಅಂದಿದ್ದರು. ಮಲಬದ್ಧತೆಯಂತೂ ಹಳೆಯ ಕಥೆ. ಇವೆಲ್ಲ ನಡುಕಕ್ಕಿಂತ ವರ್ಷಗಟ್ಟಲೆ ಮೊದಲೇ ಬರಬಹುದಂತೆ. ಹಾಗಂತ ಹೊಟ್ಟೆ ಕಟ್ಟಿದವರಿಗೆಲ್ಲ ಪಾರ್ಕಿನ್ಸನ್ ಎಂದು ಹೆದರಬೇಡಿ.

ಮಾತ್ರೆಯ ಕವರು ತೆಗೆದು ನೋಡಿದಾಗ ಡಾಕ್ಟರು ಒಂದು ಸ್ಟ್ರಿಪ್ಪಿನ ಮೇಲೆ ಬೆರಳಿಟ್ಟರು. ಗ್ಯಾಸ್ಟ್ರಿಕ್ ಎಂದು ಒಂದು ಕ್ಲಿನಿಕ್‌ನಲ್ಲಿ ಬರೆದುಕೊಟ್ಟಿದ್ದು. ಖಾಲಿಯಾದಾಗಲೆಲ್ಲ ಮೆಡಿಕಲ್ ಸ್ಟೋರಿನಲ್ಲಿ ಹಳೆ ಸ್ಟ್ರಿಪ್ ತೋರಿಸಿ ತರುತ್ತಿದ್ದರು. ಪ್ಯಾಂಟೊಪ್ರಜೋಲ್ ಜೊತೆ ಲೆವೊಸಲ್ಪಿರೈಡ್ ಸೇರಿದ ಮಾತ್ರೆ. ಈ ಲೆವೊಸಲ್ಪಿರೈಡ್ ಮೆದುಳಿನಲ್ಲಿ ಮೈಯ ಚಲನೆ ನೋಡಿಕೊಳ್ಳುವ ಡೋಪಮೈನ್ ಎಂಬ ರಾಸಾಯನಿಕ ಕೆಲಸ ಮಾಡದಂತೆ ತಡೆಯುತ್ತದೆ, ಹಾಗಾಗಿ ಅದೊಂದೇ ಪಾರ್ಕಿನ್ಸನ್ ಥರದ ಲಕ್ಷಣ ತರಬಲ್ಲದು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನರಿಜಿನ್, ತಲೆನೋವಿಗೆ ಕೊಡುವ ಫ್ಲುನರಿಜಿನ್ ಕೂಡ ಅದೇ ಜಾತಿ. "ಮೊದಲು ಇದನ್ನು ನಿಲ್ಲಿಸಿ. ಕೆಲವು ತಿಂಗಳು ನೋಡೋಣ. ಇದರಿಂದಲೇ ಬಂದಿದ್ದರೆ ನಿಧಾನವಾಗಿ ಇಳಿಯುತ್ತೆ" ಅಂದರು. ವಯಸ್ಸಾದವರು ದಿನಾ ಗ್ಯಾಸ್ ಮಾತ್ರೆ ನುಂಗುತ್ತಿದ್ದರೆ ದಯವಿಟ್ಟು ಇವತ್ತೇ ಆ ಸ್ಟ್ರಿಪ್ಪಿನ ಹಿಂದೆ ಏನು ಬರೆದಿದೆ ಓದಿ, ಡಾಕ್ಟರಿಗೆ ತೋರಿಸಿ.

ಎಂಆರ್‌ಐ, ಥೈರಾಯ್ಡ್, ಬಿ12 ಪರೀಕ್ಷೆಗಳೂ ಆದವು. ಎಂಆರ್‌ಐ ನಾರ್ಮಲ್ ಬಂತು ಎಂದು ಮನೆಯಲ್ಲಿ ಪಾಯಸ ಮಾಡಿದ್ದೆವು. ಆದರೆ ಸಾಮಾನ್ಯ ಎಂಆರ್‌ಐನಲ್ಲಿ ಪಾರ್ಕಿನ್ಸನ್ ಕಾಣುವುದೇ ಇಲ್ಲ. ಗಡ್ಡೆ, ಸಣ್ಣ ಪಾರ್ಶ್ವವಾಯು, ತಲೆಯಲ್ಲಿ ನೀರು ತುಂಬುವುದು ಇಂಥ ಬೇರೆ ಕಾರಣ ಇಲ್ಲ ಎಂದು ತಿಳಿಯಲು ಅದನ್ನು ತೆಗೆಸುತ್ತಾರೆ. ಕಾಯಿಲೆಯನ್ನು ಗುರುತಿಸುವುದು ಡಾಕ್ಟರ ಕಣ್ಣು ಮತ್ತು ಕೈಯೇ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯ ಇದರ ಬಗ್ಗೆ ಬರೆದಾಗಲೂ ಕೆಲವರನ್ನು ರಸ್ತೆಯಲ್ಲಿ ನಡೆಯುವುದು ನೋಡಿಯೇ ಬರೆದಿದ್ದನಂತೆ.

ಕಾದ ಆ ತಿಂಗಳುಗಳು ಬಹಳ ಉದ್ದ. ಗ್ಯಾಸ್ ಮಾತ್ರೆ ಬಿಟ್ಟ ಮೇಲೆ ಮುಖದ ಬಿಗಿ ಸ್ವಲ್ಪ ಸಡಿಲವಾಯಿತು, ಮಾತು ಚುರುಕಾಯಿತು. ನಾವು ಆಸೆಪಟ್ಟೆವು. ಆದರೆ ಬಲಗೈ ಹಾಗೆಯೇ ಉಳಿಯಿತು. ಮತ್ತೆ ಹೋದಾಗ ಡಾಕ್ಟರು ಪಾರ್ಕಿನ್ಸನ್ ಎಂದೇ ಬರೆದರು. ಮಾವನವರು ಕೇಳಿದ್ದು ಒಂದೇ ಪ್ರಶ್ನೆ: "ತೋಟಕ್ಕೆ ಔಷಧಿ ಹೊಡೆದಿದ್ದಕ್ಕೆ ಬಂತಾ ಸಾರ್?" ಪ್ಯಾರಾಕ್ವಾಟ್‌ನಂಥ ಕಳೆನಾಶಕಕ್ಕೂ ಕೆಲವು ಕೀಟನಾಶಕಗಳಿಗೂ ಈ ಕಾಯಿಲೆಗೂ ನಂಟಿದೆ ಎಂದು ಅಧ್ಯಯನಗಳು ಹೇಳುತ್ತವೆ, ಆದರೆ ನಿಮಗೆ ಅದರಿಂದಲೇ ಬಂತು ಎಂದು ಯಾರೂ ಹೇಳಲಾರರು ಎಂದರು ಡಾಕ್ಟರು. ಅವರಿಗೆ ಸಮಾಧಾನ ಆಗಲಿಲ್ಲ. ಈಗ ನಮ್ಮ ತೋಟದಲ್ಲಿ ಕೈಗವಸು, ಮಾಸ್ಕ್ ಇಲ್ಲದೆ ಯಾರೂ ಪಂಪು ಹೆಗಲಿಗೆ ಹಾಕುವ ಹಾಗಿಲ್ಲ. ಮಗನಿಗೂ ಅದೇ ಕಟ್ಟಪ್ಪಣೆ.

ಮಾತ್ರೆ ಶುರುವಾಯಿತು, ಲೆವೊಡೋಪಾ ಮತ್ತು ಕಾರ್ಬಿಡೋಪಾ ಸೇರಿದ್ದು. ಮೊದಲು ಅರ್ಧ, ಆಮೇಲೆ ಒಂದು, ದಿನಕ್ಕೆ ಮೂರು ಹೊತ್ತು. ಮೆದುಳಿನ ನಡುಭಾಗದಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಸಾಯುತ್ತಾ ಬಂದಿರುತ್ತವೆ, ಲೆವೊಡೋಪಾ ಮೆದುಳಿಗೆ ಹೋಗಿ ಡೋಪಮೈನ್ ಆಗುತ್ತದೆ. ಮೊದಲ ವಾರ ಹೊಟ್ಟೆ ತೊಳೆಸಿತು. ಎರಡನೇ ವಾರ ಅಂಗಿ ಗುಂಡಿ ಅವರೇ ಹಾಕಿಕೊಂಡರು. ಅತ್ತೆ ದೇವರಮನೆಗೆ ಹೋಗಿ ಅತ್ತರು.

ಆದರೆ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರಲಿಲ್ಲ. ಕೆಲವು ದಿನ ಮಧ್ಯಾಹ್ನದ ಮಾತ್ರೆ ಕೆಲಸವೇ ಮಾಡುತ್ತಿರಲಿಲ್ಲ. ಊಟದ ಹೊತ್ತು, ಏನು ಅಡುಗೆ, ಮಾತ್ರೆ ಹೊತ್ತು, ಎಷ್ಟು ಹೊತ್ತಿಗೆ ಮೈ ಸಡಿಲವಾಯಿತು ಎಂದು ಮಗಳ ಹಳೆ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಅವರೆಕಾಯಿ ಕಾಲ ಅದು. ನಮ್ಮಲ್ಲಿ ಆಗ ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಹಿತಕಿದ ಬೇಳೆ ಸಾರು, ಮುದ್ದೆ. ಅಂಥ ಊಟದ ಜೊತೆಗೆ ಮಾತ್ರೆ ಕೊಟ್ಟ ದಿನವೇ ಕೈ ಎತ್ತಲಾಗುತ್ತಿರಲಿಲ್ಲ. ನೋಟ್‌ಬುಕ್ ನೋಡಿದ ಡಾಕ್ಟರು ತಲೆಯಾಡಿಸಿದರು. ಲೆವೊಡೋಪಾ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಹೋಗುವ ದಾರಿಯೂ ಪ್ರೋಟೀನ್ ಕರಗಿ ಬರುವ ಅಮೈನೋ ಆಮ್ಲಗಳು ಹೋಗುವ ದಾರಿಯೂ ಒಂದೇ. ಕಾಳು, ಬೇಳೆ, ಮೊಟ್ಟೆ, ಮಾಂಸ ಜಾಸ್ತಿಯಾದರೆ ಮಾತ್ರೆಗೆ ಜಾಗ ಸಿಗುವುದಿಲ್ಲ.

ಈಗ ನಮ್ಮ ಪದ್ಧತಿ ಹೀಗೆ. ಮಾತ್ರೆ ಮೊದಲು, ಬರೀ ನೀರಿನ ಜೊತೆ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಊಟ. ಹೊಟ್ಟೆ ತೊಳೆಸಿದರೆ ಮಾತ್ರೆ ಜೊತೆ ಒಂದು ಬಾಳೆಹಣ್ಣು ಇಲ್ಲವೇ ಎರಡು ಬಿಸ್ಕತ್ತು. ಹಗಲು ಮುದ್ದೆ ಜೊತೆ ಸೊಪ್ಪಿನ ಬಸ್ಸಾರು, ತರಕಾರಿ. ಹಿತಕಿದ ಬೇಳೆ, ಮೊಟ್ಟೆ, ಭಾನುವಾರದ ಕೋಳಿ ಎಲ್ಲ ರಾತ್ರಿಗೆ. ಪ್ರೋಟೀನ್ ಪೂರ್ತಿ ಬಿಡಿಸಬೇಡಿ. ಈ ಕಾಯಿಲೆಯಲ್ಲಿ ತೂಕ ಮೊದಲೇ ಇಳಿಯುತ್ತದೆ. ಹೊತ್ತು ಬದಲಾಯಿಸಿದರೆ ಸಾಕು, ಅದೂ ಡಾಕ್ಟರನ್ನು ಕೇಳಿ. ಕಬ್ಬಿಣದ ಮಾತ್ರೆ ಇದ್ದರೆ ಅದನ್ನೂ ದೂರ ಇಡಿ. ಮಲಬದ್ಧತೆಗೆ ನೀರು, ಸೀಬೆಹಣ್ಣು, ಪರಂಗಿಹಣ್ಣು. ಹೊಟ್ಟೆ ಕಟ್ಟಿದ ದಿನ ಮಾತ್ರೆಯೂ ತಡವಾಗಿ ಹಿಡಿಯುತ್ತದೆ.

ಮೆಡಿಕಲ್ ಸ್ಟೋರಿನಲ್ಲಿ ಒಂದು ಎಡವಟ್ಟು ಆಯಿತು. ಒಂದು ತಿಂಗಳು ಅದೇ ಹೆಸರಿನ ಮಾತ್ರೆ ಕೊಟ್ಟರು, ಆದರೆ ಹೆಸರಿನ ಕೊನೆಗೆ ‘ಸಿಆರ್’ ಎಂದಿತ್ತು. ಅದು ನಿಧಾನವಾಗಿ ಕರಗುವ ಬಗೆ. ಬೆಳಿಗ್ಗೆ ಮಾವನವರು ಹಾಸಿಗೆಯಿಂದ ಏಳಲು ಬಹಳ ಹೊತ್ತು ಬೇಕಾಯಿತು. ಯಾಕೆಂದು ತಿಳಿಯದೆ ಕಾಯಿಲೆ ಜೋರಾಯಿತೆಂದು ಹೆದರಿದ್ದೆವು. ಈಗ ಅಂಗಡಿಯಲ್ಲೇ ನಿಂತು ಹಳೆ ಸ್ಟ್ರಿಪ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ನೋಡಿಕೊಂಡು ಬರುತ್ತೇನೆ. ಜನೌಷಧಿ ಕೇಂದ್ರದಲ್ಲಿ ಸಿಕ್ಕರೆ ಖರ್ಚು ಬಹಳ ಕಡಿಮೆ. ಸ್ಟಾಕ್ ಇಲ್ಲ ಅಂದರೂ ಅಂದರು. ಹಾಗಾಗಿ ಹದಿನೈದು ದಿನದ ಮಾತ್ರೆ ಯಾವಾಗಲೂ ಮನೆಯಲ್ಲಿ ಹೆಚ್ಚಿಗೆ ಇರುತ್ತದೆ. ಈ ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಮೈ ಬಿಗಿದು ಜ್ವರ ಏರಿ ಜೀವಕ್ಕೇ ಅಪಾಯವಾಗಬಹುದು.

ಇನ್ನು ನಡಿಗೆ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಸುತ್ತಲಿನವರೆಲ್ಲ "ಪಾಪ, ರೆಸ್ಟ್ ತಗೊಳ್ಲಿ" ಅನ್ನುತ್ತಾರೆ. ರೆಸ್ಟ್ ಕೊಟ್ಟರೆ ಕೆಡುತ್ತದೆ. ಅಮೆರಿಕದಲ್ಲಿ 128 ಜನ ಹೊಸ ರೋಗಿಗಳ ಮೇಲೆ ಮಾಡಿದ ಒಂದು ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ವಾರಕ್ಕೆ ಮೂರು ದಿನ ಏದುಸಿರು ಬರುವ ಹಾಗೆ ಟ್ರೆಡ್‌ಮಿಲ್ ಮೇಲೆ ನಡೆದವರ ಚಲನೆಯ ಲಕ್ಷಣಗಳು ಆರು ತಿಂಗಳಾದರೂ ಹೆಚ್ಚುಕಡಿಮೆ ಅಲ್ಲೇ ನಿಂತಿದ್ದವು. ವ್ಯಾಯಾಮ ಮಾಡದವರದು ಕೆಟ್ಟಿತ್ತು. 2019ರಲ್ಲಿ ನೆದರ್ಲೆಂಡ್ಸ್‌ನವರು ಮನೆಯಲ್ಲೇ ಸೈಕಲ್ ತುಳಿಸಿ ನೋಡಿದಾಗಲೂ ಅಂಥದೇ ಫಲ. ಇದು ಕಾಯಿಲೆಯನ್ನೇ ತಡೆಯುತ್ತದೆ ಎಂದು ಹೇಳುವಂತಿಲ್ಲ. ನಮ್ಮ ಫಿಸಿಯೋಥೆರಪಿ ಹುಡುಗಿ ಹೇಳಿದ್ದು ಇಷ್ಟೇ: "ಅಂಕಲ್, ಮಾತಾಡಬಹುದು ಆದರೆ ಹಾಡಲಾಗಬಾರದು, ಅಷ್ಟು ಜೋರಾಗಿ ನಡೀರಿ."

ಟ್ರೆಡ್‌ಮಿಲ್ ಎಲ್ಲಿಂದ ತರೋದು. ನಮಗೆ ಕೆರೆ ಕಟ್ಟೆ ಇದೆ. ಮಾತ್ರೆ ಹಿಡಿದ ಒಂದು ಗಂಟೆಗೆ, ಮೈ ಸಡಿಲ ಇದ್ದಾಗ, ಮೊಮ್ಮಗಳ ಜೊತೆ ಹೊರಡುತ್ತಾರೆ. ಮೊದಮೊದಲು ಜನ ನೋಡುತ್ತಾರೆಂದು ಕತ್ತಲಿರುವಾಗಲೇ ಹೋಗುತ್ತಿದ್ದರು. ಬಾಗಿಲ ಹೊಸ್ತಿಲ ಹತ್ತಿರ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿತ್ತು. ಅದಕ್ಕೂ ಉಪಾಯ ಇದೆ. ನೆಲದ ಮೇಲೆ ಅಡ್ಡ ಗೆರೆ ಎಳೆದರೆ ಅದನ್ನು ದಾಟಲು ಕಾಲು ಏಳುತ್ತದೆ. ಅತ್ತೆ ಹೊಸ್ತಿಲ ಮುಂದೆ ರಂಗೋಲಿ ಪುಡಿಯಲ್ಲೇ ಗೆರೆ ಎಳೆದರು. ಜೋರಾಗಿ ಎಣಿಸಿದರೂ ಆಗುತ್ತದೆ. ನಮ್ಮ ಕಡೆಯ ಎಷ್ಟೋ ಮನೆಗಳಂತೆ ನಮ್ಮಲ್ಲೂ ಅರ್ಧ ತೆಲುಗು. "ಒಕಟಿ, ರೆಂಡು, ಮೂಡು" ಎಂದು ಮೊಮ್ಮಗಳು ಕೂಗಿದರೆ ತಾತ ಹೊರಡುತ್ತಾರೆ. ದನಿ ಸಣ್ಣಗಾಗಿದ್ದಕ್ಕೆ ದಿನಾ ಪೇಪರನ್ನು ಬೀದಿಗೆ ಕೇಳುವಂತೆ ಓದಬೇಕು ಎಂದಿದ್ದಾರೆ. ಟೊಮೆಟೊ ರೇಟು ಈಗ ಇಡೀ ಬೀದಿಗೆ ಗೊತ್ತು.

ಒಮ್ಮೆ ಬಚ್ಚಲ ಹತ್ತಿರ ಬಿದ್ದರು. ಹಾಸಿಗೆಯಿಂದ ಎದ್ದ ತಕ್ಷಣ ಬಿಪಿ ಇಳಿಯುವುದು ಕಾಯಿಲೆಯಿಂದಲೂ ಹೌದು, ಮಾತ್ರೆಯಿಂದಲೂ ಹೌದು. ಕೂತಾಗ, ನಿಂತಾಗ ಎರಡೂ ಹೊತ್ತು ಬಿಪಿ ನೋಡಿಸಿ. ನಮ್ಮಲ್ಲಿ ಹಳೆಯ ಬಿಪಿ ಮಾತ್ರೆಯನ್ನು ಡಾಕ್ಟರು ಕಡಿಮೆ ಮಾಡಿದರು.

ಸಲಹೆ ಕೊಡುವವರ ಕಾಟ ಬೇರೆ. ಒಬ್ಬರು ನಸುಗುನ್ನಿ ಬೀಜದ ಪುಡಿ ತಂದುಕೊಟ್ಟರು. ಅದರಲ್ಲಿ ಲೆವೊಡೋಪಾ ಇರುವುದು ನಿಜ. ಅದಕ್ಕೇ ತೊಂದರೆ. ಮಾತ್ರೆಯ ಜೊತೆ ಅದನ್ನೂ ತಿಂದರೆ ಎಷ್ಟು ಹೋಯಿತು ಎಂಬ ಲೆಕ್ಕವೇ ಇರುವುದಿಲ್ಲ. ಕೊಡಬೇಕೆಂದಿದ್ದರೆ ಡಾಕ್ಟರಿಗೆ ಹೇಳಿಯೇ ಕೊಡಿ. ಅವರೆಕಾಯಿಯಲ್ಲೇ ಔಷಧಿ ಇದೆ ಎಂದು ಒಂದು ವಾಟ್ಸ್ಆ್ಯಪ್ ಸಂದೇಶವೂ ಬಂತು. ಲೆವೊಡೋಪಾ ಇರುವುದು ಫಾವಾ ಬೀನ್ಸ್ ಎಂಬ ಬೇರೆ ಕಾಳಿನಲ್ಲಿ, ನಮ್ಮ ಅವರೆ ಅದಲ್ಲ. ಇನ್ನೊಬ್ಬರು "ಬೀಡಿ ಸೇದೋರಿಗೆ ಇದು ಬರಲ್ಲ, ಶುರು ಮಾಡಿ" ಅಂದರು! ಸೇದುವವರಲ್ಲಿ ಈ ಕಾಯಿಲೆ ಕಡಿಮೆ ಕಂಡಿದೆ ಎಂಬುದು ಹೌದಂತೆ. ಆದರೆ ರೋಗಿಗಳಿಗೆ ನಿಕೋಟಿನ್ ಪಟ್ಟಿ ಅಂಟಿಸಿ ನೋಡಿದ ಪ್ರಯೋಗದಲ್ಲಿ ಕಾಯಿಲೆ ನಿಧಾನವಾಗಲಿಲ್ಲ. ಶ್ವಾಸಕೋಶ ಹಾಳಾಗುವುದೊಂದೇ ಲಾಭ.

ಮಾವನವರ ಅಂಗಿ ಜೇಬಿನಲ್ಲಿ ಈಗ ಲ್ಯಾಮಿನೇಷನ್ ಮಾಡಿಸಿದ ಚೀಟಿ ಇರುತ್ತದೆ. ಕಾಯಿಲೆಯ ಹೆಸರು, ಮಾತ್ರೆಯ ಹೊತ್ತು, ಕೊಡಬಾರದ ಔಷಧಿಗಳ ಹೆಸರು, ನಮ್ಮ ಫೋನ್ ನಂಬರು. ವಾಂತಿ ಭೇದಿ ಎಂದು ಎಲ್ಲಿಗೆ ಹೋದರೂ ಮೊದಲು ಆ ಚೀಟಿ ತೋರಿಸುತ್ತಾರೆ.

ಕೊನೆಗೆ ಕಾರ್ಡಿನ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಪಾರ್ಕಿನ್ಸನ್ ಕೂಡ ಸೇರಿದೆ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಧಾರ್, ಫೋಟೊ, ನರರೋಗ ತಜ್ಞರ ದಾಖಲೆಗಳು ಬೇಕು. ಹೆಚ್ಚಿನ ಸೌಲಭ್ಯಕ್ಕೆ ಅಂಗವೈಕಲ್ಯ ಕನಿಷ್ಠ 40% ಇರಬೇಕು. ಪರೀಕ್ಷೆಗೆ ಹೋಗುವವರು ಇದೊಂದು ನೆನಪಿಡಿ. ಮಾತ್ರೆ ಹಿಡಿದ ಹೊತ್ತಿನಲ್ಲಿ ನೋಡಿದರೆ ರೋಗಿ ಆರೋಗ್ಯವಾಗಿಯೇ ಕಾಣುತ್ತಾರೆ. ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ ತಗೊಂಡಿದ್ದು, ಅದು ಇಳಿದಾಗ ಹೇಗಿರುತ್ತಾರೆ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಇಳಿದಾಗಿನ ನಡಿಗೆಯ ವಿಡಿಯೊ ನನ್ನ ಫೋನಿನಲ್ಲಿತ್ತು, ತೋರಿಸಿದೆ. ಮನೆಯಲ್ಲಿ ತೆರಿಗೆ ಕಟ್ಟುವವರಿದ್ದರೆ ಆದಾಯ ತೆರಿಗೆಯ 80ಡಿಡಿಬಿ ಸೆಕ್ಷನ್ ವಿಚಾರಿಸಿ. ಹಿರಿಯ ನಾಗರಿಕರ ಚಿಕಿತ್ಸೆಗೆ ಒಂದು ಲಕ್ಷದವರೆಗೆ ವಿನಾಯಿತಿ ಇದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಅದಕ್ಕೂ 40% ಬೇಕು, ನರರೋಗ ತಜ್ಞರ ಚೀಟಿ ಬೇಕು. ನರಸಾಪುರದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಯಜಮಾನರು ಈ ಸಲ ಹಾಕುತ್ತಿದ್ದಾರೆ.

ಈಚೆಗೆ ಸಾಯಂಕಾಲ ನಾಲ್ಕರ ಹೊತ್ತಿಗೆ ಮಾತ್ರೆ ಇಳಿದುಹೋಗುತ್ತಿದೆ, ರಾತ್ರಿಯ ಮಾತ್ರೆವರೆಗೆ ಕಷ್ಟಪಡುತ್ತಾರೆ. ಮೂರು ಹೊತ್ತನ್ನು ನಾಲ್ಕು ಮಾಡಬೇಕಾ ಎಂದು ಮುಂದಿನ ತಿಂಗಳು ಕೇಳಬೇಕು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.